ಕದ್ದು ಕಲಿತವರ ನೀತಿಪಾಠ

ಪ್ರತಿ ವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ಅಮೆರಿಕ ಸರ್ಕಾರದ ವ್ಯಾಪಾರ ಪ್ರತಿನಿಧಿಯ ಕಚೇರಿ ಒಂದು ಪಟ್ಟಿ ಹೊರಡಿಸುತ್ತದೆ. ಸ್ಪೆಷಲ್ 301 ಎಂದು ಅದರ ಹೆಸರು. ಪರರ ಬೌದ್ಧಿಕ ಆಸ್ತಿಗೆ ಮರ್ಯಾದೆ ಕೊಡದ ದೇಶಗಳು ಯಾವುವು ಎಂದು ಅದರಲ್ಲಿ ಬರೆದಿರುತ್ತದೆ. ಕಳ್ಳರು ಎಂದು ಬರೆಯುವುದಿಲ್ಲ. ಸಭ್ಯರು. ಆದ್ಯತೆಯ ಮೇಲೆ ನಿಗಾ ಇಡಬೇಕಾದವರು ಎನ್ನುತ್ತಾರೆ.

ಈ ಪಟ್ಟಿ ಶುರುವಾದದ್ದು 1989ರಲ್ಲಿ. ಅಂದಿನಿಂದ ನಮ್ಮ ಹೆಸರು ಅದರಲ್ಲಿ ಕಾಯಂ. ಪ್ರಧಾನಿಗಳು ಬದಲಾದರು. ಪಕ್ಷಗಳು ಬದಲಾದವು. 1999, 2002, 2005 ಎಂದು ಮೂರು ಸಲ ಪೇಟೆಂಟ್ ಕಾಯ್ದೆಯನ್ನೇ ತಿದ್ದಿದೆವು. ಪಟ್ಟಿಯಿಂದ ಮಾತ್ರ ಹೆಸರು ಅಳಿಸಲಿಲ್ಲ.

ನಮ್ಮ ಅಧಿಕಾರಿಗಳದ್ದೂ ಪ್ರತಿ ವರ್ಷ ಒಂದೇ ಉತ್ತರ. ನಮ್ಮ ಕಾನೂನು ಅಂತರರಾಷ್ಟ್ರೀಯ ಒಪ್ಪಂದಕ್ಕೆ ತಕ್ಕಂತೆಯೇ ಇದೆ, ಸಾರ್. ಆ ‘ಸಾರ್’ ಪತ್ರಿಕಾ ಹೇಳಿಕೆಯಲ್ಲಿ ಅಚ್ಚಾಗುವುದಿಲ್ಲ. ಆದರೆ ಕೇಳಿಸುತ್ತದೆ.

ಈ 1989 ಎಂಬ ಇಸವಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಲೇಖಕರ ಹಕ್ಕುಸ್ವಾಮ್ಯ ಕಾಪಾಡುವ ಬರ್ನ್ ಒಪ್ಪಂದ ಆದದ್ದು 1886ರಲ್ಲಿ. ಭಾರತ 1928ರಿಂದ ಅದರ ಸದಸ್ಯ. ಅಮೆರಿಕ ಸೇರಿದ್ದು ಯಾವಾಗ? 1989ರ ಮಾರ್ಚ್ 1ರಂದು. ನೂರಾ ಮೂರು ವರ್ಷ ಯೋಚನೆ ಮಾಡಿತು ಪಾಪ. ಸೇರಿ ಮೂರು ತಿಂಗಳು ತುಂಬುವ ಮೊದಲೇ, ಅದೇ ಮೇ ತಿಂಗಳಲ್ಲಿ, ಯಾರ್‍ಯಾರು ಕಳ್ಳರು ಎಂಬ ಪಟ್ಟಿ ಹೊರಡಿಸಿತು. ನಿನ್ನೆ ರಾತ್ರಿ ಹೆಂಡ ಬಿಟ್ಟವನು ಬೆಳಿಗ್ಗೆ ಎದ್ದು ಪಾನನಿರೋಧ ಸಂಘದ ಅಧ್ಯಕ್ಷನಾದ ಹಾಗೆ.

ಅದಕ್ಕೂ ಮೊದಲು ಏನು ಮಾಡುತ್ತಿತ್ತು? 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಅಲ್ಲಿಗೆ ಹೋಗಿದ್ದ. ಅವನ ಕಾದಂಬರಿಗಳನ್ನು ಅಲ್ಲಿನ ಪ್ರಕಾಶಕರು ಒಂದು ಬಿಡಿಗಾಸೂ ಕೊಡದೆ ಅಚ್ಚು ಹಾಕಿ ಮಾರುತ್ತಿದ್ದರು. ಸಭೆಗಳಲ್ಲಿ ಅದನ್ನು ಹೇಳಿಕೊಂಡ. ಪತ್ರಿಕೆಗಳು ಅವನನ್ನೇ ದುಡ್ಡಿನಾಸೆಯವನು ಎಂದು ಬೈದವು. ಕೊನೆಗೆ 1891ರಲ್ಲಿ ಪರದೇಶಿ ಲೇಖಕರಿಗೂ ಹಕ್ಕು ಕೊಟ್ಟರು. ಒಂದು ಷರತ್ತಿನ ಮೇಲೆ. ಅಚ್ಚಿನ ಮೊಳೆ ಜೋಡಿಸುವ ಕೆಲಸ ಅಮೆರಿಕದಲ್ಲೇ ಆಗಬೇಕು. ಇಂಥದೇ ಷರತ್ತನ್ನು ಇವತ್ತು ನಾವು ಹಾಕಿದರೆ ವ್ಯಾಪಾರಕ್ಕೆ ಅಡ್ಡಿ ಎನ್ನುತ್ತಾರೆ.

ಪುಸ್ತಕ ಬಿಡಿ. ಕಾರ್ಖಾನೆಗೆ ಬನ್ನಿ.

1789ರಲ್ಲಿ ಇಂಗ್ಲೆಂಡಿನ ಬೆಲ್ಪರ್ ಎಂಬ ಊರಿನಿಂದ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ಇಪ್ಪತ್ತೊಂದರ ಹುಡುಗ ಹಡಗು ಹತ್ತಿದ. ಆರ್ಕ್‌ರೈಟ್‌ನ ನೂಲುವ ಯಂತ್ರಗಳ ಗಿರಣಿಯಲ್ಲಿ ಕೆಲಸ ಕಲಿತವನು. ಅಂಥ ಯಂತ್ರವನ್ನಾಗಲಿ, ಅದರ ನಕ್ಷೆಯನ್ನಾಗಲಿ, ಅದನ್ನು ಬಲ್ಲ ಕೆಲಸಗಾರನನ್ನಾಗಲಿ ದೇಶದ ಹೊರಗೆ ಬಿಡಬಾರದೆಂದು ಬ್ರಿಟನ್ ಕಾನೂನು ಮಾಡಿತ್ತು. ಸ್ಲೇಟರ್ ಕಾಗದ ಒಯ್ಯಲಿಲ್ಲ. ಯಂತ್ರವನ್ನೇ ತಲೆಯಲ್ಲಿಟ್ಟುಕೊಂಡು ಹೋದ. ರೈತಾಪಿ ಆಳಿನಂತೆ ವೇಷ ಹಾಕಿದ್ದನಂತೆ. ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ನೆನಪಿನಿಂದಲೇ ಮತ್ತೆ ಕಟ್ಟಿದ. ಹುಟ್ಟೂರಿನವರು ಅವನನ್ನು ದ್ರೋಹಿ ಸ್ಲೇಟರ್ ಎಂದರು. ಅಮೆರಿಕ ಅವನನ್ನು ತನ್ನ ಕೈಗಾರಿಕಾ ಕ್ರಾಂತಿಯ ಪಿತಾಮಹ ಎಂದಿತು. ಆ ಗಿರಣಿ ಈಗ ರಾಷ್ಟ್ರೀಯ ಸ್ಮಾರಕ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮಕ್ಕಳೇ, ಇಲ್ಲಿಂದಲೇ ನಮ್ಮ ದೇಶ ಬೆಳೆಯಲು ಶುರುವಾದದ್ದು. ನಿಜ ತಾನೆ?

ಇದು ಯಾರೋ ಒಬ್ಬ ಹುಡುಗನ ಚೇಷ್ಟೆಯಲ್ಲ. 1791ರಲ್ಲಿ ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸಂಸತ್ತಿಗೆ ಕೊಟ್ಟ ವರದಿಯಲ್ಲೇ ಪರದೇಶದ ಯಂತ್ರ, ಕಸುಬುದಾರರನ್ನು ಇನಾಮು ಕೊಟ್ಟಾದರೂ ತರಿಸಬೇಕೆಂದು ಬರೆದ. 1793ರ ಪೇಟೆಂಟ್ ಕಾಯ್ದೆ ಸ್ವಂತ ಪ್ರಜೆಗಳಿಗೆ ಮಾತ್ರ. 1836ರಲ್ಲಿ ಮನಸ್ಸು ದೊಡ್ಡದಾಯಿತು. ಪರದೇಶದವರೂ ಅರ್ಜಿ ಹಾಕಬಹುದು ಎಂದರು. ಶುಲ್ಕ ಅಮೆರಿಕದವನಿಗೆ 30 ಡಾಲರ್, ಇತರ ಪರದೇಶಿಗಳಿಗೆ 300, ಬ್ರಿಟಿಷರಿಗೆ 500.

ಇದನ್ನು ಓದಿ ಸಿಟ್ಟಾಗಬೇಡಿ. ಅವರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಯಾರೇ ಆದರೂ ಕೆಲಸ ಕಲಿಯುವುದು ಹೀಗೆಯೇ. ಬೆಂಗಳೂರಿನ ಪೀಣ್ಯಕ್ಕೆ ಹೋಗಿ ನೋಡಿ. ಮುರಿದ ವಿದೇಶಿ ಬಿಡಿಭಾಗ ಹಿಡಿದುಕೊಂಡು ಒಬ್ಬ ಬಂದಿರುತ್ತಾನೆ. ಲೇತ್ ಮುಂದೆ ನಿಂತವನು ಅದನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ, ವರ್ನಿಯರ್ ಹಿಡಿದು ಎರಡು ಕಡೆ ಅಳೆದು, ಹಳೆ ಡೆಲಿವರಿ ಚಲನ್ನಿನ ಬೆನ್ನಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕಿಕೊಳ್ಳುತ್ತಾನೆ. ‘ಪೀಸ್ ಇಟ್ಟೋಗಿ ಸಾರ್. ಸೇಮ್ ಮಾಡ್ಕೊಡ್ತೀವಿ.’ ಮೊದಲ ಸಲ ಸೇಮ್ ಬರುವುದಿಲ್ಲ. ಮೂರನೇ ಸಲ ಬರುತ್ತದೆ. ಹತ್ತನೇ ಸಲ ಅಸಲಿಗಿಂತ ಗಟ್ಟಿಯಾಗಿ ಬರುತ್ತದೆ. ಕೈಗಾರಿಕಾ ಅಭಿವೃದ್ಧಿ ಎಂದರೆ ಇದೇ. ಉಳಿದದ್ದು ಸೆಮಿನಾರು.

ನನ್ನ ತಕರಾರು ಕದ್ದದ್ದಕ್ಕಲ್ಲ. ತಾನು ಕದ್ದದ್ದು ಇತಿಹಾಸ, ನೀನು ಕದ್ದದ್ದು ಅಪರಾಧ ಎನ್ನುವುದಕ್ಕೆ.

ಈ ಕಲೆಯಲ್ಲಿ ಅಮೆರಿಕ ಇನ್ನೂ ಎಳಸು. ಗುರುಗಳನ್ನು ನೋಡಬೇಕಾದರೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಬೇಕು.

1859ರಲ್ಲಿ ಫ್ರಾನ್ಸಿನಲ್ಲಿ ಫುಕ್ಸಿನ್ ಎಂಬ ಕೆಂಪು ಬಣ್ಣ ಕಂಡುಹಿಡಿದರು. ಪೇಟೆಂಟ್ ಕೂಡ ಆಯಿತು. ಫ್ರಾನ್ಸಿನ ಕಾನೂನಿನಲ್ಲಿ ಬಣ್ಣಕ್ಕೇ ಪೇಟೆಂಟ್. ಬೇರೆ ವಿಧಾನದಿಂದ ತಯಾರಿಸಿದರೂ ಅದು ಕಳವೇ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್ ಕಾನೂನೇ ಇರಲಿಲ್ಲ. ಗಡಿ ದಾಟಿದರೆ ಮುಗಿಯಿತು. ಬಾಸೆಲ್‌ನಲ್ಲಿದ್ದ ಅಲೆಕ್ಸಾಂಡರ್ ಕ್ಲಾವೆಲ್ ಎಂಬ ಫ್ರೆಂಚ್ ಮೂಲದ ರೇಷ್ಮೆ ಬಣ್ಣಗಾರ ಅದೇ ಕೆಂಪನ್ನು ತಯಾರಿಸತೊಡಗಿದ. ಗೈಗಿ ಎಂಬ ಮತ್ತೊಂದು ಮನೆತನವೂ ಬಣ್ಣಕ್ಕೆ ಇಳಿಯಿತು. ಫ್ರಾನ್ಸಿನ ಪೇಟೆಂಟಿನ ಕಾಟಕ್ಕೆ ಅಲ್ಲಿನ ರಸಾಯನಶಾಸ್ತ್ರಜ್ಞರೂ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೇ ಬಂದರು.

ಪೇಟೆಂಟ್ ಕಾನೂನು ಬೇಕೇ ಎಂದು ಸ್ವಿಸ್ ಜನರನ್ನು 1866ರಲ್ಲಿ ಕೇಳಿದರು. ಬೇಡ ಎಂದರು. 1882ರಲ್ಲಿ ಮತ್ತೆ ಕೇಳಿದರು. ಮತ್ತೆ ಬೇಡ ಎಂದರು. ಕಡೆಗೆ 1888ರಲ್ಲಿ ಕಾನೂನು ಬಂತು. ಅದರಲ್ಲೊಂದು ಸಣ್ಣ ನಿಯಮ. ಯಾವುದರ ಮಾದರಿಯನ್ನು ಮಾಡಿ ಮೇಜಿನ ಮೇಲೆ ಇಡಬಹುದೋ ಅದಕ್ಕೆ ಮಾತ್ರ ಪೇಟೆಂಟ್. ಗಡಿಯಾರದ ಮಾದರಿ ಇಡಬಹುದು. ಬಣ್ಣ ತಯಾರಿಸುವ ವಿಧಾನದ ಮಾದರಿ ಹೇಗೆ ಇಡುತ್ತೀರಿ? ಗಡಿಯಾರ ಅವರ ಕಸುಬು, ಅದಕ್ಕೆ ರಕ್ಷಣೆ. ರಸಾಯನ ಪರರ ಕಸುಬು, ಅದಕ್ಕೆ ಇಲ್ಲ. ಜಾಣತನ ಎಂದರೆ ಇದು. ನಮ್ಮ ಕಾನೂನು ಸಚಿವಾಲಯದ ಕರಡುಕಾರರು ಆ ದಿಕ್ಕಿಗೆ ತಿರುಗಿ ಒಂದು ನಮಸ್ಕಾರ ಹಾಕಬೇಕು.

ಜರ್ಮನಿ ಕೂಗಾಡಿತು. ಕಳ್ಳರ ದೇಶ ಎಂದಿತು. ಸುಂಕ ಹಾಕುತ್ತೇವೆ ಎಂದು ಬೆದರಿಸಿದ ಮೇಲೆ 1907ರಲ್ಲಿ ರಾಸಾಯನಿಕ ವಿಧಾನಗಳಿಗೆ ಪೇಟೆಂಟ್ ಕೊಟ್ಟರು. ವಿಧಾನಕ್ಕೆ. ವಸ್ತುವಿಗಲ್ಲ. ಔಷಧಿಗೇ ನೇರವಾಗಿ ಪೇಟೆಂಟ್ ಸಿಕ್ಕಿದ್ದು ಎಪ್ಪತ್ತರ ದಶಕದ ಕೊನೆಗೆ. ಅಷ್ಟು ಹೊತ್ತಿಗೆ ಬಾಸೆಲ್ ಜಗತ್ತಿನ ಔಷಧ ರಾಜಧಾನಿಯಾಗಿತ್ತು. ಕದಿಯಲು ಹೊರಗೆ ಹೆಚ್ಚೇನೂ ಉಳಿದಿರಲಿಲ್ಲ. ಕಾಯಲು ಒಳಗೆ ಬೇಕಾದಷ್ಟಿತ್ತು. ನೀತಿ ಹುಟ್ಟುವುದು ಇಂಥ ಮುಹೂರ್ತದಲ್ಲೇ.

ಕ್ಲಾವೆಲ್‌ನ ಬಣ್ಣದ ಕಾರ್ಖಾನೆ ಮುಂದೆ ಸಿಬಾ ಆಯಿತು. ಸಿಬಾ, ಗೈಗಿ 1970ರಲ್ಲಿ ಒಂದಾದವು. 1996ರಲ್ಲಿ ಅದೇ ಊರಿನ ಸ್ಯಾಂಡೋಜ್ ಕೂಡ ಸೇರಿಕೊಂಡಿತು. ಹೊಸ ಹೆಸರು ನೊವಾರ್ಟಿಸ್.

ಈ ನೊವಾರ್ಟಿಸ್ 1998ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿಗೆ ಬಂತು. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲಿವೆಕ್ ಎಂಬ ಔಷಧಿಗೆ ಹಕ್ಕು ಕೇಳಿತು. ಮೂಲ ಔಷಧಿ ಅದಕ್ಕೂ ಮೊದಲೇ ಪ್ರಕಟವಾಗಿತ್ತು. ಈಗ ಕೇಳಿದ್ದು ಅದರದೇ ಲವಣದ ಒಂದು ಹರಳಿನ ರೂಪಕ್ಕೆ. ನಮ್ಮ ಕಾಯ್ದೆಯ 3(ಡಿ) ಎಂಬ ಕಲಮನ್ನು 2005ರಲ್ಲಿ ಬಿಗಿ ಮಾಡಿದರು. ಗೊತ್ತಿರುವ ಔಷಧಿಯ ಹೊಸ ರೂಪ ತಂದರೆ ಸಾಲದು, ರೋಗಿಗೆ ಅದರಿಂದ ಹೆಚ್ಚಿನ ಗುಣ ಸಿಗುತ್ತದೆಂದು ತೋರಿಸಬೇಕು. ಅಷ್ಟೇ. ಕಿರಾಣಿ ಅಂಗಡಿಯವನೂ ಒಪ್ಪುವ ಮಾತು.

ನೊವಾರ್ಟಿಸ್ ಒಪ್ಪಲಿಲ್ಲ. ಅರ್ಜಿ ತಿರಸ್ಕಾರವಾಯಿತು. ಕಲಮೇ ಸಂವಿಧಾನಬಾಹಿರ ಎಂದು ಮದ್ರಾಸ್ ಹೈಕೋರ್ಟಿಗೆ ಹೋಯಿತು. 2007ರಲ್ಲಿ ಸೋತಿತು. ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಏಪ್ರಿಲ್ 1ರಂದು ಅಲ್ಲೂ ಸೋತಿತು. ಇದು ಸಂಶೋಧನೆಗೆ ಬಿದ್ದ ಪೆಟ್ಟು, ರೋಗಿಗಳಿಗೆ ಆದ ನಷ್ಟ ಎಂದು ಗೋಳಾಡಿತು. ಸುಮಾರು 120 ವರ್ಷ ಔಷಧಿಗೆ ಪೇಟೆಂಟ್ ಇಲ್ಲದ ನೆಲದಲ್ಲಿ ಕೊಬ್ಬಿದ ಮನೆತನದ ಮೊಮ್ಮಗ, ಪೇಟೆಂಟ್ ಇಲ್ಲದೆ ಸಂಶೋಧನೆ ಹೇಗೆ ಸಾಧ್ಯ ಎಂದು ನಮ್ಮನ್ನು ಕೇಳಿದ. ನಗಬೇಕು ತಾನೆ? ನಮ್ಮ ಇಂಗ್ಲಿಷ್ ವಾಣಿಜ್ಯ ಪತ್ರಿಕೆಗಳ ಅಂಕಣಕಾರರಲ್ಲಿ ಕೆಲವರು ಅತ್ತರು. ಬಂಡವಾಳ ಓಡಿಹೋಗುತ್ತದೆ ಎಂದು.

ದರ ಹೇಳುತ್ತೇನೆ. ಗ್ಲಿವೆಕ್ ಆಗ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇತ್ತು. ಭಾರತದ ಕಂಪನಿಗಳ ಅದೇ ಔಷಧಿ 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು. ಇದು ಒಂದು ಕೋರ್ಸ್ ಮುಗಿಸಿ ಬಿಡುವ ಮಾತ್ರೆಯಲ್ಲ. ದಿನವೂ ನುಂಗಬೇಕು, ಬಹುತೇಕರು ಬದುಕಿರುವಷ್ಟು ಕಾಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೊರಗೆ ಬೆಳಿಗ್ಗೆ ಹೊತ್ತು ನೋಡಿ. ರಾಯಚೂರಿನಿಂದ, ಕಲಬುರಗಿಯಿಂದ ರಾತ್ರಿ ಬಸ್ಸು ಹಿಡಿದು ಬಂದವರು. ಕೈಯಲ್ಲಿ ಸ್ಕ್ಯಾನ್ ರಿಪೋರ್ಟಿನ ದೊಡ್ಡ ಕವರು, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ಬುತ್ತಿ. ವರ್ಷಕ್ಕೆ 14 ಲಕ್ಷ ಎಂದು ಅವರ ಮುಂದೆ ಹೇಳಿ ನೋಡಿ. ಅವರಿಗೆ ಸಿಟ್ಟೂ ಬರುವುದಿಲ್ಲ. ಎದ್ದು ಊರಿನ ಬಸ್ಸು ಹಿಡಿಯುತ್ತಾರೆ.

ಬಡವರಿಗೆ ನಾವು ಉಚಿತವಾಗಿ ಕೊಡುತ್ತಿದ್ದೆವು ಎಂದು ಕಂಪನಿ ಹೇಳಿಕೊಂಡಿತು. ಕೊಡುತ್ತಿದ್ದದ್ದು ನಿಜ. ಸಾವಿರಾರು ಜನಕ್ಕೆ ಸಿಕ್ಕಿದ್ದೂ ನಿಜ. ಆದರೆ ಯಾರಿಗೆ ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು ಎಂಬುದು ಕೊಡುವವನ ಮರ್ಜಿ. ರೋಗಿಗೆ ಬೇಕಾದದ್ದು ಅಂಗಡಿಯಲ್ಲಿ ಕೈಗೆಟುಕುವ ಬೆಲೆ. ಯಜಮಾನರ ಔದಾರ್ಯವಲ್ಲ.

ಇನ್ನುಳಿದವರನ್ನು ಬೇಗ ಬೇಗ ನೋಡಿಬಿಡೋಣ. ನೆದರ್ಲೆಂಡ್ಸ್ 1869ರಲ್ಲಿ ಇದ್ದ ಪೇಟೆಂಟ್ ಕಾನೂನನ್ನೇ ರದ್ದು ಮಾಡಿತು. 1912ರವರೆಗೆ ಕಾನೂನಿಲ್ಲ. ಆ ನಡುವೆ 1891ರಲ್ಲಿ ಐಂಡ್‌ಹೋವನ್‌ನಲ್ಲಿ ಒಂದು ಕುಟುಂಬ ಎಡಿಸನ್ ಮಾದರಿಯ ಬಲ್ಬು ಮಾಡತೊಡಗಿತು. ಹೆಸರು ಫಿಲಿಪ್ಸ್. ಬ್ರಿಟನ್ 1919ರಲ್ಲಿ ಜರ್ಮನರ ಕಾಟ ತಡೆಯಲಾಗದೆ ರಾಸಾಯನಿಕ ವಸ್ತುಗಳಿಗೆ ಪೇಟೆಂಟ್ ಇಲ್ಲ ಎಂದಿತು. ಮೂವತ್ತು ವರ್ಷ ಹಾಗೇ ನಡೆಸಿತು. ಔಷಧಿಗೇ ಪೇಟೆಂಟ್ ಎಂಬುದು ಜರ್ಮನಿಯಲ್ಲಿ 1968ರಲ್ಲಿ, ಜಪಾನಿನಲ್ಲಿ 1976ರಲ್ಲಿ, ಇಟಲಿಯಲ್ಲಿ 1978ರಲ್ಲಿ, ಸ್ಪೇನಿನಲ್ಲಿ 1992ರಲ್ಲಿ ಬಂತು. ಎಲ್ಲರೂ ಹೊಟ್ಟೆ ತುಂಬಿದ ಮೇಲೆಯೇ ಉಪವಾಸದ ಮಹಿಮೆ ಕಂಡುಕೊಂಡವರು.

ನಮಗೆ ಮಾತ್ರ ಹಸಿದಾಗಲೇ ಮಾಡಿ ಎಂದರು.

ಹೇಗೆ ಎಂದರೆ ಹೀಗೆ. 1911ರ ಬ್ರಿಟಿಷ್ ಕಾಲದ ಪೇಟೆಂಟ್ ಕಾಯ್ದೆ ಸ್ವಾತಂತ್ರ್ಯದ ನಂತರವೂ ನಮ್ಮಲ್ಲಿತ್ತು. ಔಷಧಿ ಮಾರುಕಟ್ಟೆ ಬಹುತೇಕ ಪರದೇಶದ ಕಂಪನಿಗಳ ಕೈಯಲ್ಲಿ. ಜಗತ್ತಿನಲ್ಲಿ ಔಷಧಿ ಬೆಲೆ ಅತಿ ಹೆಚ್ಚಿರುವ ದೇಶಗಳಲ್ಲಿ ಭಾರತವೂ ಒಂದು ಎಂದು ಕಂಡುಕೊಂಡದ್ದು ಅಮೆರಿಕದ್ದೇ ಸೆನೆಟರ್ ಕೆಫಾವರ್ ಸಮಿತಿ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ವರದಿ ಕೊಟ್ಟರು. ಬಡದೇಶದಲ್ಲಿ ಪೇಟೆಂಟ್ ಪಡೆಯುವ ಪರದೇಶಿ ಇಲ್ಲಿ ಕಾರ್ಖಾನೆ ಕಟ್ಟಲು ಬರುವುದಿಲ್ಲ, ಬೇರೆಯವರು ಕಟ್ಟದಂತೆ ಮಾರುಕಟ್ಟೆಗೆ ಬೇಲಿ ಹಾಕಲು ಬರುತ್ತಾನೆ ಎಂಬುದು ಅದರ ಸಾರ. 1970ರಲ್ಲಿ ಹೊಸ ಕಾಯ್ದೆ ಆಯಿತು. 1972ರಲ್ಲಿ ಜಾರಿಗೆ ಬಂತು. ಔಷಧಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಐದರಿಂದ ಏಳು ವರ್ಷ. ಸ್ವಿಸ್ ಪಾಠವನ್ನೇ ಓದಿ ಬರೆದ ಹಾಗಿತ್ತು.

ಮೂವತ್ತು ವರ್ಷದಲ್ಲಿ ಹೈದರಾಬಾದು, ಮುಂಬಯಿ, ಅಹಮದಾಬಾದಿನ ಹುಡುಗರು ಮಾತ್ರೆ ಮಾಡುವುದನ್ನು ಕಲಿತರು. 2001ರ ಫೆಬ್ರುವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಏಡ್ಸ್‌ನ ಮೂರು ಔಷಧಿಗಳನ್ನು ಸೇರಿಸಿ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದರು. ಪಶ್ಚಿಮದ ಕಂಪನಿಗಳ ದರ 10 ಸಾವಿರಕ್ಕೂ ಮೇಲೆ. ಆಫ್ರಿಕದಲ್ಲಿ ಜನ ಸಾಲುಸಾಲಾಗಿ ಸಾಯುತ್ತಿದ್ದರು. ಅದೇ ಹೊತ್ತಿಗೆ 39 ಔಷಧ ಕಂಪನಿಗಳು ದಕ್ಷಿಣ ಆಫ್ರಿಕದ ಕೋರ್ಟಿನಲ್ಲಿದ್ದವು. ಅಗ್ಗದ ಔಷಧಿ ತರಿಸಲು ದಾರಿ ಮಾಡಿದ ಕಾಯ್ದೆಯ ವಿರುದ್ಧ. 1998ರಲ್ಲಿ ಹೂಡಿದ ಆ ದಾವೆಯ ಮೊದಲ ಪ್ರತಿವಾದಿ ನೆಲ್ಸನ್ ಮಂಡೇಲ. ಇಪ್ಪತ್ತೇಳು ವರ್ಷ ಜೈಲಿನಲ್ಲಿದ್ದು ಬಂದವರಿಗೆ ಕಾನೂನಿಗೆ ಗೌರವ ಕೊಡುವುದನ್ನು ಕಲಿಸಲು ಹೊರಟರು. ಜಗತ್ತೆಲ್ಲ ಉಗಿದ ಮೇಲೆ 2001ರ ಏಪ್ರಿಲ್‌ನಲ್ಲಿ ವಾಪಸ್ ಪಡೆದರು.

ಆರು ತಿಂಗಳು ಕಳೆಯಿತು. 2001ರ ಅಕ್ಟೋಬರ್. ಅಮೆರಿಕದಲ್ಲಿ ಯಾರೋ ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಕಳಿಸಿದರು. ಸತ್ತವರು ಒಟ್ಟು ಐದು ಜನ. ಅದಕ್ಕೆ ಔಷಧಿ ಬಾಯರ್ ಕಂಪನಿಯ ಸಿಪ್ರೊ. ಬೆಲೆ ಇಳಿಸದಿದ್ದರೆ ನಿಮ್ಮ ಪೇಟೆಂಟ್ ಮೀರಿ ಬೇರೆ ಕಡೆಯಿಂದ ತರಿಸುತ್ತೇವೆ ಎಂದು ಆರೋಗ್ಯ ಮಂತ್ರಿ ಟಾಮಿ ಥಾಮ್ಸನ್ ಗದರಿದರು. ಮಾತ್ರೆಗೆ 1.77 ಡಾಲರ್ ಇದ್ದದ್ದು ಕೆಲವೇ ದಿನದಲ್ಲಿ 95 ಸೆಂಟಿಗೆ ಇಳಿಯಿತು. ಐದು ಹೆಣಕ್ಕೆ ಪೇಟೆಂಟ್ ನಡುಗುತ್ತದೆ. ಲಕ್ಷಾಂತರ ಹೆಣಕ್ಕೆ ನಡುಗುವುದಿಲ್ಲ. ಹೆಣ ಯಾವ ಪಾಸ್‌ಪೋರ್ಟಿನದು ಎಂಬುದು ಮುಖ್ಯ.

ಬಾಯರ್‌ಗೆ ಇದು ಹೊಸದೇನಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಶತ್ರು ದೇಶದ ಆಸ್ತಿ ಎಂದು ಜರ್ಮನರ ಸಾವಿರಾರು ಪೇಟೆಂಟ್‌ಗಳನ್ನು ಜಪ್ತಿ ಮಾಡಿತ್ತು. ಬಾಯರ್‌ನ ಅಲ್ಲಿನ ಆಸ್ತಿಯನ್ನು, ಹೆಸರು ಸಮೇತ, 1918ರಲ್ಲಿ 53 ಲಕ್ಷ ಡಾಲರಿಗೆ ಹರಾಜು ಹಾಕಿತು. ತನ್ನದೇ ಹೆಸರನ್ನು ಅಲ್ಲಿ ಪೂರ್ತಿ ವಾಪಸ್ ಕೊಳ್ಳಲು ಬಾಯರ್ 1994ರವರೆಗೆ ಕಾಯಬೇಕಾಯಿತು. ನೂರು ಕೋಟಿ ಡಾಲರ್ ಕೊಟ್ಟಿತು. ಇಷ್ಟು ಅನುಭವಿಸಿದ ಕಂಪನಿಗೆ ಸ್ವಲ್ಪ ಕರುಣೆ ಇರಬೇಕಿತ್ತು. 2012ರಲ್ಲಿ ಹೈದರಾಬಾದಿನ ನಾಟ್ಕೊಗೆ ಬಾಯರ್‌ನ ಕ್ಯಾನ್ಸರ್ ಔಷಧಿ ನೆಕ್ಸಾವರ್ ತಯಾರಿಸಲು ನಮ್ಮ ಪೇಟೆಂಟ್ ಕಚೇರಿ, ಒಡೆಯನ ಒಪ್ಪಿಗೆ ಇಲ್ಲದೆಯೇ, ಕಡ್ಡಾಯ ಲೈಸೆನ್ಸ್ ಕೊಟ್ಟಿತು. ತಿಂಗಳಿಗೆ 2 ಲಕ್ಷ 80 ಸಾವಿರ ಇದ್ದದ್ದು 8,800 ರೂಪಾಯಿ ಆಯಿತು. ಬಾಯರ್‌ಗೆ ರಾಯಧನವೂ ಉಂಟು. ಮರುವರ್ಷ ಅದರ ಮುಖ್ಯಸ್ಥರು ಒಂದು ಸಭೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದರು. ನಾವಿದನ್ನು ಭಾರತೀಯರಿಗಾಗಿ ಮಾಡಿದ್ದಲ್ಲ, ಕೊಳ್ಳಲು ಶಕ್ತಿಯಿರುವ ಪಶ್ಚಿಮದ ರೋಗಿಗಳಿಗಾಗಿ ಎಂಬ ಅರ್ಥದ ಮಾತು. ನನಗೆ ಆ ಮನುಷ್ಯನ ಮೇಲೆ ಗೌರವ. ಇಡೀ ಬೌದ್ಧಿಕ ಆಸ್ತಿ ಶಾಸ್ತ್ರದಲ್ಲಿ ಯಾರಾದರೂ ಹೇಳಿದ ಒಂದೇ ಒಂದು ಸತ್ಯ ಅದು.

ಹಸಿದಾಗಲೇ ಮಾಡಿ ಎಂದು ನಮಗೆ ಹೇಳಿದ್ದು 1995ರ ಟ್ರಿಪ್ಸ್ ಎಂಬ ವ್ಯಾಪಾರ ಒಪ್ಪಂದ. ಔಷಧಿಗೂ ಯಂತ್ರಕ್ಕೂ ಪೇಟೆಂಟ್, ಎಲ್ಲ ದೇಶಕ್ಕೂ ಒಂದೇ ಅಳತೆ, 20 ವರ್ಷ. ಬೀಜದ ತಳಿಗೂ ರಕ್ಷಣೆ ಕಡ್ಡಾಯ. ಈ ಒಪ್ಪಂದದ ಹಿಂದೆ ಯಾರಿದ್ದರು ಎಂಬುದು ಗುಟ್ಟೇನಲ್ಲ. ಫೈಜರ್ ಕಂಪನಿಯ ಮುಖ್ಯಸ್ಥ ಎಡ್ಮಂಡ್ ಪ್ರಾಟ್ ಅಮೆರಿಕ ಸರ್ಕಾರದ ವ್ಯಾಪಾರ ಸಲಹಾ ಸಮಿತಿಗೂ ಅಧ್ಯಕ್ಷರಾಗಿದ್ದರು. ರೋಗಿಯೂ ಅವರೇ, ವೈದ್ಯರೂ ಅವರೇ, ಬಿಲ್ಲು ಮಾತ್ರ ನಮಗೆ.

ಕರ್ನಾಟಕದಲ್ಲಿ ಇದನ್ನು ಮೊದಲು ಅರ್ಥ ಮಾಡಿಕೊಂಡವರು ಹಸಿರು ಶಾಲಿನವರು. ಆಗ ಆ ಒಪ್ಪಂದದ ಕರಡಿಗೆ ಡಂಕೆಲ್ ಎಂದು ಹೆಸರು. ಹಳ್ಳಿಯ ಗೋಡೆ ಮೇಲೂ ಡಂಕೆಲ್‌ಗೆ ಧಿಕ್ಕಾರ. 1992ರ ಡಿಸೆಂಬರ್‌ನಲ್ಲಿ ರೈತಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತ ಹೊರಗೆಸೆದರು. ಮರುವರ್ಷ ಬಳ್ಳಾರಿಯಲ್ಲಿ ಅದರ ಘಟಕವನ್ನೇ ಕೆಡವಿದರು. ಕೆಡವಿದ್ದು ಸರಿಯೇ ಎಂದು ಬೇಕಾದರೆ ಜಗಳವಾಡೋಣ. ಬೆಂಗಳೂರಿನ ಸುಶಿಕ್ಷಿತರು ಅದನ್ನು ಕೇಳಲಿಲ್ಲ. ನಕ್ಕರು. ರೈತನಿಗೇನು ಗೊತ್ತು ಗ್ಯಾಟು ಪೇಟೆಂಟು ಎಂದು. ರೈತಸಂಘದ ನಾಯಕ ಪ್ರೊ. ನಂಜುಂಡಸ್ವಾಮಿ ಕಾನೂನು ಓದಿದವರು, ಕರಡನ್ನೂ ಓದಿದ್ದರು. ನಕ್ಕವರಲ್ಲಿ ಎಷ್ಟು ಜನ ಓದಿದ್ದರೋ. ಬೀಜದ ಮೇಲೆ ಕಂಪನಿ ಹಕ್ಕು ಸಾಧಿಸಿ ರೈತನನ್ನು ಕೋರ್ಟಿಗೆ ಎಳೆಯುತ್ತದೆ ಎಂದರೆ ಬರೀ ಭೀತಿ ಹುಟ್ಟಿಸುವ ಮಾತು ಎಂದರು. 2019ರಲ್ಲಿ ಪೆಪ್ಸಿಕೊ ಗುಜರಾತಿನ ಆಲೂಗಡ್ಡೆ ರೈತರ ಮೇಲೆ ದಾವೆ ಹೂಡಿತು. ಕೆಲವರಿಂದ ತಲಾ 1 ಕೋಟಿ 5 ಲಕ್ಷ ರೂಪಾಯಿ ಕೇಳಿತು. ಚಿಪ್ಸ್‌ಗೆ ಬಳಸುವ ತಳಿ ಬೆಳೆದ ತಪ್ಪಿಗೆ. ಗದ್ದಲವಾದ ಮೇಲೆ ವಾಪಸ್ ಪಡೆಯಿತು ಬಿಡಿ. ನಕ್ಕವರು ಆಗ ಏನು ತಿನ್ನುತ್ತಿದ್ದರು ಎಂದು ನಾನು ಕೇಳುವುದಿಲ್ಲ.

ಅಂದ ಹಾಗೆ ಆ ಸುಶಿಕ್ಷಿತರಲ್ಲಿ ಅರ್ಧ ಜನ ಕಂಪ್ಯೂಟರ್ ಕಲಿತದ್ದು ಎಸ್.ಪಿ. ರಸ್ತೆಯಲ್ಲಿ ಕೊಂಡ ನಕಲಿ ಸಿಡಿಯಿಂದ. ಇಂಜಿನಿಯರಿಂಗ್ ಮುಗಿಸಿದ್ದು ಜೆರಾಕ್ಸ್ ಪುಸ್ತಕದಿಂದ. ಈಗ ಅವರ ಕಂಪನಿಯ ಗೋಡೆ ಮೇಲೆ ಬೌದ್ಧಿಕ ಆಸ್ತಿಯನ್ನು ಗೌರವಿಸಿ ಎಂಬ ಫಲಕ. ಬಾಸೆಲ್ ಎಲ್ಲೋ ದೂರ ಇದೆ ಎಂದುಕೊಳ್ಳಬೇಡಿ.

ದೆಹಲಿಯಂತೂ ಬಾಸೆಲ್‌ಗಿಂತ ಮುಂದೆ. 2020ರ ಅಕ್ಟೋಬರ್‌ನಲ್ಲಿ ಭಾರತ ದಕ್ಷಿಣ ಆಫ್ರಿಕದ ಜೊತೆ ಸೇರಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಎದೆ ತಟ್ಟಿತು. ಕೋವಿಡ್ ಮುಗಿಯುವವರೆಗೆ ಪೇಟೆಂಟ್ ನಿಯಮ ಅಮಾನತಿನಲ್ಲಿಡಿ, ಜೀವಕ್ಕಿಂತ ಆಸ್ತಿ ದೊಡ್ಡದಲ್ಲ. ಚಪ್ಪಾಳೆ. 2021ರ ಮೇ ತಿಂಗಳು. ಇಲ್ಲಿ ಆಮ್ಲಜನಕ ಸಿಗದೆ ಜನ ಬೀದಿಯಲ್ಲಿ ಸಾಯುತ್ತಿದ್ದಾರೆ. ನಮ್ಮದೇ ಕಾಯ್ದೆಯಲ್ಲಿರುವ ಕಡ್ಡಾಯ ಲೈಸೆನ್ಸ್ ಅಧಿಕಾರವನ್ನು ಯಾಕೆ ಬಳಸುತ್ತಿಲ್ಲ ಎಂದು ಸುಪ್ರೀಂ ಕೋರ್ಟ್ ಕೇಳಿತ್ತು. ಈಗ ಬಳಸಿದರೆ ಉಲ್ಟಾ ಪರಿಣಾಮ ಆಗುತ್ತದೆ ಎಂದು ಅದೇ ಸರ್ಕಾರ ಪ್ರಮಾಣಪತ್ರ ಸಲ್ಲಿಸಿತು. ಜಿನೀವಾದಲ್ಲಿ ಹುಲಿ, ಮನೆಯಲ್ಲಿ ಬೆಕ್ಕು. ಕಾಯ್ದೆಯಲ್ಲಿ ಕಡ್ಡಾಯ ಲೈಸೆನ್ಸ್ ಎಂಬ ಅಸ್ತ್ರ ಇಷ್ಟು ವರ್ಷದಿಂದ ಇದೆ. ಅದರಿಂದ ಹೊರಬಿದ್ದದ್ದು ನಾಟ್ಕೊದ್ದು ಒಂದೇ. ಆಮೇಲೆ ಬೀರುವಿನ ಕೀಲಿ ಯಾರ ಹತ್ತಿರ ಇದೆಯೋ ಯಾರಿಗೂ ಗೊತ್ತಿಲ್ಲ.

2025ರ ಜುಲೈ 24ರಂದು ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದೆವು. ವಿಸ್ಕಿ ಅಗ್ಗವಾಗುತ್ತದೆ ಎಂದು ಟಿವಿಯವರು ಕುಣಿದರು. ಬೌದ್ಧಿಕ ಆಸ್ತಿಯ ಅಧ್ಯಾಯವನ್ನು ಯಾರೂ ತೆರೆಯಲಿಲ್ಲ. ಜನರಿಗೆ ಔಷಧಿ ಸಿಗುವಂತೆ ಮಾಡಲು ಅತ್ಯುತ್ತಮ ಮಾರ್ಗವೆಂದರೆ ಕಂಪನಿಗಳು ಸ್ವಯಂಪ್ರೇರಣೆಯಿಂದ ಲೈಸೆನ್ಸ್ ಕೊಡುವುದು ಎಂಬ ಅರ್ಥದ ಮಾತು ಅದರಲ್ಲಿದೆ. ನಾವು ಒಪ್ಪಿದ್ದೇವೆ. ಕಂಪನಿಯ ಮನಸ್ಸು ಕರಗಬೇಕು. ಆಮೇಲೆ ನಿಮ್ಮ ಮಾತ್ರೆ.

ಇದನ್ನು ಬರೆಸಿದ ಬ್ರಿಟನ್ ಏನು ಮಾಡಿತ್ತು ಗೊತ್ತೆ? 1961ರಲ್ಲಿ ಅಲ್ಲಿನ ಆರೋಗ್ಯ ಮಂತ್ರಿ ಈನಕ್ ಪೊವೆಲ್. ಕಟ್ಟಾ ಬಲಪಂಥೀಯ. ಟೆಟ್ರಾಸೈಕ್ಲಿನ್ ಔಷಧಿಗೆ ಫೈಜರ್ ಹೇಳಿದ ಬೆಲೆ ಕೇಳಿ ತಲೆ ಕೆಟ್ಟಿತು. ಆಗ ಇಟಲಿಯಲ್ಲಿ ಔಷಧಿಗೆ ಪೇಟೆಂಟ್ ಇಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಅಲ್ಲಿಂದಲೇ ಅಗ್ಗದ ಮಾಲು ತರಿಸಲು ಏರ್ಪಾಟು ಮಾಡಿದ. ಫೈಜರ್ ಕೋರ್ಟಿಗೆ ಹೋಯಿತು. 1965ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸರ್ಕಾರದ ಕಡೆಗೇ ತೀರ್ಪು ಕೊಟ್ಟಿತು. ಯಾರ ಮನಸ್ಸೂ ಕರಗಲಿ ಎಂದು ಪೊವೆಲ್ ಕಾಯಲಿಲ್ಲ. ನಮ್ಮ ನಿಯೋಗದಲ್ಲಿ ಒಬ್ಬರಾದರೂ ಮಾತುಕತೆಯ ಮೇಜಿನ ಮೇಲೆ ಈ ತೀರ್ಪು ಇಟ್ಟರೋ ಇಲ್ಲವೋ. ಇಟ್ಟಿದ್ದರೆ ಆ ವಾಕ್ಯ ಬರುತ್ತಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಪೇಟೆಂಟ್ ಪಡೆದವನು ಅದನ್ನು ಭಾರತದಲ್ಲಿ ಬಳಕೆಗೆ ತಂದಿದ್ದಾನೋ, ಸುಮ್ಮನೆ ಬೇಲಿ ಹಾಕಿ ಕೂತಿದ್ದಾನೋ ಎಂದು ತಿಳಿಯಲು ನಮೂನೆ 27 ಎಂಬ ಅರ್ಜಿ ಇದೆ. ವರ್ಷಕ್ಕೊಮ್ಮೆ ತುಂಬಿ ಕೊಡಬೇಕಿತ್ತು. ಅಯ್ಯಂಗಾರ್ ಹೇಳಿದ ಕಾಯಿಲೆಗೆ ನಮ್ಮಲ್ಲಿದ್ದ ಒಂದೇ ಥರ್ಮಾಮೀಟರು ಅದು. 2024ರಲ್ಲಿ ನಿಯಮ ತಿದ್ದಿ ಮೂರು ವರ್ಷಕ್ಕೊಮ್ಮೆ ಸಾಕು ಎಂದರು. ಉದ್ಯಮಿಗಳಿಗೆ ಕಷ್ಟವಾಗುತ್ತಿತ್ತಂತೆ.

ಹಾಗಾದರೆ ಇಷ್ಟೆಲ್ಲ ಬಿಟ್ಟುಕೊಟ್ಟು ನಾವು ಗಳಿಸಿದ್ದೇನು? ಕಾರ್ಖಾನೆಯೇ? ಜಗತ್ತಿನ ಔಷಧಾಲಯ ಎಂದು ಬೀಗುವ ನಾವು ಹೊರಗಿನಿಂದ ತರಿಸುವ ಮಾತ್ರೆಯ ಮೂಲದ್ರವ್ಯದಲ್ಲಿ ಬಹುಪಾಲು ಚೀನಾದ್ದು. ಚೀನಾ ಕಾಪಿ ಹೊಡೆಯುವಷ್ಟು ದಿನ ಹೊಡೆದು, ಈಗ ಪೇಟೆಂಟ್ ಅರ್ಜಿಯಲ್ಲಿ ಜಗತ್ತಿಗೇ ಮೊದಲು. ನಾವು ಕಾಪಿ ಹೊಡೆಯುವುದನ್ನು ಅರ್ಧಕ್ಕೆ ಬಿಟ್ಟೆವು. ಆದರೆ ಚಿಂತೆ ಬೇಡ. ನಮ್ಮಲ್ಲೂ ಪೇಟೆಂಟ್ ಕ್ರಾಂತಿ ಆಗಿದೆ.

ಎಲ್ಲಿ? ಕಾಲೇಜುಗಳಲ್ಲಿ. ಶಿಕ್ಷಣ ಸಂಸ್ಥೆಗಳಿಗೆ 2021ರಲ್ಲಿ ಪೇಟೆಂಟ್ ಶುಲ್ಕ ಶೇ 80ರಷ್ಟು ಇಳಿಸಿದರು. 8,000 ಇದ್ದ ಅರ್ಜಿ ಶುಲ್ಕ 1,600 ಆಯಿತು. ರ್‍ಯಾಂಕಿಂಗ್ ಲೆಕ್ಕದಲ್ಲಿ ಮಂಜೂರಾದ ಪೇಟೆಂಟ್ ಮಾತ್ರವಲ್ಲ, ಬರೀ ಪ್ರಕಟವಾದ ಅರ್ಜಿಗೂ ಬೆಲೆ. ಅರ್ಜಿ ಹಾಕಿದರೆ ಒಂದಲ್ಲ ಒಂದು ದಿನ ಪ್ರಕಟವಾಗಲೇಬೇಕು. ಇನ್ನೇನು ಬೇಕು. ಪ್ರಯೋಗಾಲಯದಲ್ಲಿ ಬನ್ಸೆನ್ ಬರ್ನರ್‌ಗೆ ಗ್ಯಾಸಿಲ್ಲದ ಕಾಲೇಜಿನ ಗೇಟಿನ ಮೇಲೆ ಬ್ಯಾನರು. ಈ ವರ್ಷ ಇಷ್ಟು ನೂರು ಪೇಟೆಂಟ್, ಪ್ರಾಂಶುಪಾಲರಿಗೆ ಅಭಿನಂದನೆ, ಪಕ್ಕದಲ್ಲಿ ಟ್ರಸ್ಟಿನ ಅಧ್ಯಕ್ಷರ ಭಾವಚಿತ್ರ, ಕೈ ಮುಗಿದಿರುವುದು. ಇನ್ನೂ ಅವಸರ ಇದ್ದವರಿಗೆ ಬ್ರಿಟನ್ನಿನಲ್ಲಿ ವಿನ್ಯಾಸ ನೋಂದಣಿ. ಅಲ್ಲಿ ಹೊಸತನವನ್ನು ಪರೀಕ್ಷೆ ಮಾಡುವುದಿಲ್ಲ. ದುಡ್ಡು ಕಟ್ಟಿದರೆ ರಾಜಮುದ್ರೆಯ ಪ್ರಮಾಣಪತ್ರ.

ಅಧ್ಯಾಪಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದರ ವ್ಯಾಪಾರ ನೋಡಬೇಕು. ಕೃತಕ ಬುದ್ಧಿಮತ್ತೆಯಿಂದ ನಡೆಯುವ ಏನೋ ಒಂದು ಸಾಧನ, ಅದರದೊಂದು ಚಿತ್ರ, ಕೆಳಗೆ ದರಪಟ್ಟಿ. ಸಂಶೋಧಕರ ಸಾಲಿನಲ್ಲಿ ಮೊದಲ ಹೆಸರಿಗೆ ಒಂದು ರೇಟು, ಮೂರನೆಯದಕ್ಕೆ ಒಂದು, ಆರನೆಯದಕ್ಕೆ ಇನ್ನೂ ಕಡಿಮೆ. ಯಂತ್ರಶಾಸ್ತ್ರದವರಾಗಲಿ, ವಾಣಿಜ್ಯದವರಾಗಲಿ, ಕನ್ನಡದವರಾಗಲಿ ಅಡ್ಡಿಯಿಲ್ಲ. ಬಡ್ತಿಗೆ ಅಂಕ ಖಾತ್ರಿ. ಸಾಧನ ಏನು ಮಾಡುತ್ತದೆ ಎಂದು ಯಾರೋ ಒಬ್ಬ ಹೊಸಬ ಗುಂಪಿನಲ್ಲಿ ಕೇಳಿಬಿಟ್ಟರೆ ಯಾರೂ ಉತ್ತರಿಸುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಸಂದೇಶ ಬರುತ್ತದೆ. ನಾಲ್ಕನೇ ಜಾಗ ಹೋಯಿತು, ಐದು ಮತ್ತು ಆರು ಮಾತ್ರ ಖಾಲಿ, ಸಂಜೆಯೊಳಗೆ ಹಣ ಹಾಕಿ, ಜಿಎಸ್‌ಟಿ ಬೇರೆ.